ಹೈಸ್ಕೂಲಿನಲ್ಲೇ ಸೌಂಡ್ ರೆಕಾರ್ಡಿಂಗ್ ಕಲಿಯಬೇಕು, ಕೈಯಲ್ಲಿ 12 ಸಾವಿರ ಇದೆ. ಎಲ್ಲಿಂದ ಶುರು ಮಾಡಲಿ?

ಮಲೆನಾಡ ಕಿವಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ 9ನೇ ಕ್ಲಾಸು ಓದುತ್ತಿದ್ದೇನೆ. ನನಗೆ ಹಾಡೋಕೆ ಬರಲ್ಲ, ಯಾವ ವಾದ್ಯವೂ ಬರಲ್ಲ. ಆದರೆ ಹಾಡು ಕೇಳುವಾಗ ಕೊಳಲು ಯಾಕೆ ಎಡಗಿವಿಯಲ್ಲಿ ಮಾತ್ರ ಬರ್ತಿದೆ, ಗಾಯಕಿಯ ಉಸಿರು ಅಷ್ಟು ಹತ್ತಿರ ಹೇಗೆ ಕೇಳಿಸುತ್ತೆ, ಇದನ್ನೆಲ್ಲ ಯಾರು ಕೂತು ತೀರ್ಮಾನ ಮಾಡ್ತಾರೆ ಅಂತಲೇ ತಲೆ ಓಡುತ್ತದೆ. ಆ ಕೆಲಸ ನನಗೆ ಬೇಕು.

ನಮ್ಮ ಕ್ಲಾಸಿನಲ್ಲಿ ಒಬ್ಬಳು ಭಾವಗೀತೆ ತುಂಬಾ ಚೆನ್ನಾಗಿ ಹಾಡುತ್ತಾಳೆ. ಒಬ್ಬ ತಬಲಾ, ಇನ್ನೊಬ್ಬಳು ಹಾರ್ಮೋನಿಯಂ. ಪ್ರತಿಭಾ ಕಾರಂಜಿಗೆ ಪ್ರಾಕ್ಟೀಸ್ ಮಾಡುವಾಗ ಅವರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಎದುರಿಗೆ ಎಷ್ಟು ಚೆನ್ನಾಗಿತ್ತೋ ಫೋನಿನಲ್ಲಿ ಅಷ್ಟೇ ಕೆಟ್ಟದಾಗಿದೆ, ಬಾವಿಯೊಳಗೆ ಕೂತು ಹಾಡಿದ ಹಾಗಿದೆ. ಇನ್ನೊಂದು ವಿಚಿತ್ರ ಅಂದ್ರೆ ತಬಲಾ ಜೋರಾಗಿ ಬಿದ್ದಾಗಲೆಲ್ಲ ಹಾಡಿನ ಸದ್ದು ಕುಗ್ಗಿ ಆಮೇಲೆ ನಿಧಾನಕ್ಕೆ ಮೇಲೆ ಬರುತ್ತದೆ. ಇದು ಯಾಕೆ?

ಮಾವ 12 ಸಾವಿರ ಕೊಡ್ತೀನಿ ಅಂದಿದ್ದಾರೆ. ಆನ್‌ಲೈನ್‌ನಲ್ಲಿ ಒಂದು ಕಿಟ್ ನೋಡಿದೆ. ಕಂಡೆನ್ಸರ್ ಮೈಕು, ಮಡಚುವ ಸ್ಟ್ಯಾಂಡು, ಕಪ್ಪು ಸ್ಪಂಜು, ಬಣ್ಣಬಣ್ಣದ ಲೈಟಿರುವ ಸೌಂಡ್ ಕಾರ್ಡು ಎಲ್ಲ ಸೇರಿ ಕಡಿಮೆ ಬೆಲೆಗೆ ಇದೆ. ತಗೊಳ್ಳಲಾ? ಮನೆಯಲ್ಲಿ ಅಣ್ಣನ ಹಳೇ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್.

ಮತ್ತೊಂದು, ಎಸ್ಸೆಸ್ಸೆಲ್ಸಿ ಆದಮೇಲೆ ಏನು ತಗೋಬೇಕು? ಅಪ್ಪ ಸೈನ್ಸ್ ಅಂತಾರೆ, ಮಾವ ಇದಕ್ಕೆ ಓದೇ ಬೇಡ ಅಂತಾರೆ. ಹುಡುಗಿಯರು ಈ ಕೆಲಸ ಮಾಡ್ತಾರಾ ಅಂತ ಅಜ್ಜಿ ಕೇಳಿದರು, ನನಗೂ ಉತ್ತರ ಗೊತ್ತಿರಲಿಲ್ಲ.

ಮೈಕ್‌ಸೆಟ್ ಮಂಜಣ್ಣ

ತಂಗೀ, ಆ ಕಿಟ್ ತಗೋಬೇಡ. ಮೊದಲು ಇದು, ಮಿಕ್ಕಿದ್ದು ಆಮೇಲೆ.

ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕರೆಂಟು ಮಿಕ್ಸರಿನಿಂದ ಕೇಬಲ್ಲಿನಲ್ಲೇ ಹೋಗಬೇಕು, ಅದಕ್ಕೆ ಫ್ಯಾಂಟಮ್ ಪವರ್ ಅಂತಾರೆ. ಫೋನಿನ ಜಾಕಿನಲ್ಲಿ ಸಿಗೋದು ಎರಡು ವೋಲ್ಟಿನ ಆಸುಪಾಸು. ಕಿಟ್ಟಿನವರು ಅದನ್ನು ಬಾಯಿಬಿಟ್ಟು ಹೇಳಲ್ಲ. ಇನ್ನು ಆ ಸೌಂಡ್ ಕಾರ್ಡಿನಲ್ಲಿ ಚಪ್ಪಾಳೆ ಬಟನ್ನು, ನಗೋ ಬಟನ್ನು, ಗಂಡಸಿನ ದನಿ ಹೆಂಗಸಿನ ದನಿ ಮಾಡೋ ಬಟನ್ನು ಇರುತ್ತೆ. ನಿನಗೆ ಬೇಕಾದ್ದು ಒಂದೂ ಇರಲ್ಲ.

ನಾನು ಶಿವಮೊಗ್ಗ ಕಡೆ ಸೌಂಡ್ ಸರ್ವಿಸ್ ಮಾಡುತ್ತೇನೆ. ಮದುವೆ, ಆರ್ಕೆಸ್ಟ್ರಾ, ಯಕ್ಷಗಾನ, ಗಣಪತಿ ಹಬ್ಬ ಎಲ್ಲ. ನಿಮ್ಮೂರಲ್ಲೂ ಒಬ್ಬ ಮೈಕ್‌ಸೆಟ್ಟಿನವನು ಇದ್ದೇ ಇರುತ್ತಾನೆ. ಸ್ಕೂಲ್ ಡೇ ದಿನ ಅವನು ಬಂದಾಗ ಸ್ಪೀಕರ್ ಬಾಕ್ಸು ಇಳಿಸೋದರಿಂದ ಹಿಡಿದು ಗಾಡಿಗೆ ವಾಪಸ್ ಹೇರೋವರೆಗೆ ಪಕ್ಕದಲ್ಲಿ ನಿಂತುಕೋ. ಮೇಷ್ಟ್ರಿಗೆ ಹೇಳಿ ಪರ್ಮಿಷನ್ ತಗೋ. ಮೊದಲ ದಿನ ಬೈದಾನು, ಆಮೇಲೆ ಅವನೇ ಕರೆದು ತೋರಿಸುತ್ತಾನೆ.

ಅಲ್ಲಿ ಏನು ನೋಡಬೇಕು ಅಂದ್ರೆ, ಮಿಕ್ಸರಿನಲ್ಲಿ ಒಂದೊಂದು ಮೈಕಿಗೂ ಮೇಲ್ಗಡೆ ಗೇನ್ ಅಂತ ಒಂದು ತಿರುಗಣೆ, ಕೆಳಗಡೆ ಫೇಡರ್ ಅಂತ ಜಾರಿಸೋ ಗುಂಡಿ ಇರುತ್ತೆ. ಎರಡೂ ಸದ್ದು ಜಾಸ್ತಿ ಮಾಡುತ್ತೆ, ಹಾಗಾದ್ರೆ ಎರಡು ಯಾಕೆ ಅಂತ ಕೇಳು. ಅವನಿಗೆ ಹೇಳೋಕೆ ಬಂದರೆ ಒಳ್ಳೆ ಗುರು ಸಿಕ್ಕ. ಮೈಕು ಬಾಕ್ಸಿನ ಮುಂದೆ ಬಂದರೆ ಕುಂಯ್ ಅನ್ನುತ್ತಲ್ಲ, ಬಾಕ್ಸಿನಿಂದ ಬಂದಿದ್ದು ಮತ್ತೆ ಮೈಕಿಗೆ ಹೋಗಿ ಸುತ್ತು ಹೊಡೆಯೋದು ಅದು. ಯಾವ ಮೈಕಿನಿಂದ ಕೂಗ್ತಿದೆ ಅಂತ ಕಿವಿಯಲ್ಲೇ ಹಿಡಿಯೋಕೆ ಕಲಿ, ಸ್ಟುಡಿಯೋದಲ್ಲಿ ಕೂತು ಇದು ಬರಲ್ಲ.

ಕೇಬಲ್ ಸುತ್ತೋದು ಕಲಿ. ನಗಬೇಡ, ಮೊಣಕೈಗೆ ಸುತ್ತಿ ಸುತ್ತಿ ಒಳಗಿನ ತಂತಿ ಮುರಿದ ಕೇಬಲ್ಲು ನಮ್ಮ ಪೆಟ್ಟಿಗೆಯಲ್ಲಿ ಒಂದು ರಾಶಿ ಇದೆ. ಒಂದು ಸುತ್ತು ನೇರ, ಇನ್ನೊಂದು ಸುತ್ತು ಒಳಮುಖ, ಹೀಗೆ ಸುತ್ತಿದರೆ ಎಸೆದಾಗ ಗಂಟಾಗದೆ ಬಿಚ್ಚಿಕೊಳ್ಳುತ್ತೆ. ಆಮೇಲೆ ಸೋಲ್ಡರಿಂಗ್. ಮೈಕ್ ಕೇಬಲ್ಲಿನ ಪಿನ್ನು ಮೂರು. 1 ಅರ್ತು, 2 ಹಾಟು, 3 ಕೋಲ್ಡು, ಸದ್ದು ಹೋಗೋದು ಈ ಕೊನೆಯ ಎರಡರಲ್ಲಿ. ಇಷ್ಟು ಬಂದರೆ ಯಾವ ಸ್ಟುಡಿಯೋದಲ್ಲೂ ನಿನ್ನನ್ನು ಹೊರಗೆ ಕಳಿಸಲ್ಲ.

ಕಿವಿ ಜೋಪಾನ. ಬಾಕ್ಸಿನ ಮುಂದೆ ನಿಲ್ಲಬೇಡ. 85 ಡೆಸಿಬಲ್ ಸದ್ದಿನಲ್ಲಿ ಎಂಟು ತಾಸು ಇರಬಹುದು ಅಂತ ಲೆಕ್ಕ, ಮೂರು ಡೆಸಿಬಲ್ ಏರಿದ ಹಾಗೆ ಹೊತ್ತು ಅರ್ಧ ಆಗುತ್ತೆ. 100 ಡೆಸಿಬಲ್ ಅಂದ್ರೆ ಕಾಲು ಗಂಟೆ ಅಷ್ಟೇ. ಗಣಪತಿ ಬಿಡೋ ಮೆರವಣಿಗೆಯಲ್ಲಿ ಅದಕ್ಕಿಂತ ಜಾಸ್ತಿನೇ ಇರುತ್ತೆ. ಔಷಧಿ ಅಂಗಡಿಯಲ್ಲಿ ಸಿಗೋ ಸ್ಪಂಜಿನ ಇಯರ್‌ಪ್ಲಗ್ ಜೇಬಲ್ಲಿ ಇಟ್ಕೋ.

ಡಬ್ಬಿಂಗ್ ರೂಮು

ಮೊದಲು ನಿಮ್ಮ ಅಜ್ಜಿಗೆ ಉತ್ತರ. ಮಾಡ್ತಾರೆ. ನಾನೇ ಬೆಂಗಳೂರಿನಲ್ಲಿ ಡಬ್ಬಿಂಗ್ ಮತ್ತು ಹಾಡಿನ ರೆಕಾರ್ಡಿಂಗ್ ಮಾಡುತ್ತೇನೆ. ಕಮ್ಮಿ ಇದ್ದೇವೆ, ಆದರೆ ಇದ್ದೇವೆ. ರಾತ್ರಿ ಕೆಲಸ ಜಾಸ್ತಿ ಅನ್ನೋದೊಂದು ಮನೆಯವರಿಗೆ ಮೊದಲೇ ಗೊತ್ತಿರಲಿ.

ಈಗ ನಿನ್ನ ರೆಕಾರ್ಡಿಂಗ್. ಅದರಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ.

ತಬಲಾ ಬಿದ್ದಾಗ ಹಾಡು ಕುಗ್ಗೋದು ಫೋನಿನ ಕೆಲಸ. ಫೋನು ಮಾತಿಗೆ ಅಂತ ಮಾಡಿದ್ದು. ಸದ್ದು ಜಾಸ್ತಿಯಾದರೆ ತಾನೇ ತಗ್ಗಿಸುತ್ತೆ, ಕಮ್ಮಿಯಾದರೆ ತಾನೇ ಏರಿಸುತ್ತೆ. ಫೋನಿನ ಜೊತೆ ಬಂದ ವಾಯ್ಸ್ ರೆಕಾರ್ಡರ್ ಬಿಟ್ಟು, ಗೇನ್ ಅಂದ್ರೆ ಒಳಬರುವ ಸದ್ದಿನ ಮಟ್ಟ ನಿನ್ನ ಕೈಯಲ್ಲೇ ಇಡಲು ಬಿಡುವ, ವೇವ್ ಅನ್ನೋ ಹಿಂಡದ ಫೈಲ್ ಕೊಡುವ ಆ್ಯಪ್ ಹಾಕಿಕೋ. ಆಟೋ ಗೇನ್, ನಾಯ್ಸ್ ಸಪ್ರೆಷನ್ ಅಂತ ಏನಿದ್ದರೂ ಆಫ್ ಮಾಡು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕು. ಅತಿ ಜೋರಿನ ಜಾಗದಲ್ಲೂ ಆ್ಯಪಿನ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ಇರಲಿ, ಸೊನ್ನೆ ಅಂದ್ರೆ ತುತ್ತತುದಿ, ಅದನ್ನು ಮುಟ್ಟಬಾರದು. ಸೊನ್ನೆ ಮುಟ್ಟಿ ಒಡೆದ ಸದ್ದನ್ನು ಆಮೇಲೆ ಸರಿಮಾಡೋಕೆ ಆಗಲ್ಲ. ಸಣ್ಣಗಿರೋದನ್ನು ದೊಡ್ಡದು ಮಾಡಬಹುದು. ಫೈಲನ್ನು ಗೆಳತಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸು, ಇಲ್ಲದಿದ್ದರೆ ಹಿಂಡಿ ಹಾಕುತ್ತೆ.

ಎರಡನೇದು ರೂಮು. ಸ್ಕೂಲ್ ಕೋಣೆ ಅಂದ್ರೆ ಸಿಮೆಂಟ್ ನೆಲ, ಬರೀ ಗೋಡೆ, ಕರಿಹಲಗೆ. ಸದ್ದು ಎಲ್ಲೂ ನಿಲ್ಲದೆ ಗೋಡೆಯಿಂದ ಗೋಡೆಗೆ ಹೊಡೆಯುತ್ತೆ. ನಿನ್ನ ಕಿವಿ, ಮೆದುಳು ಅದನ್ನು ಬದಿಗಿಟ್ಟು ಹಾಡನ್ನು ಕೇಳುತ್ತೆ. ಮೈಕಿಗೆ ಆ ಬುದ್ಧಿ ಇಲ್ಲ, ಬಂದಿದ್ದೆಲ್ಲ ಒಳಗೆ ಹಾಕಿಕೊಳ್ಳುತ್ತೆ. ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಮನೆಯಲ್ಲಿ ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕೋಣೆ ಯಾವುದು ನೋಡು. ಗಾಯಕಿಯ ಬೆನ್ನ ಹಿಂದೆ ಎರಡು ದಪ್ಪ ಕಂಬಳಿ ನೇತು ಹಾಕು. ಬೆನ್ನ ಹಿಂದೆ ಯಾಕೆ ಅಂದ್ರೆ ಮೈಕು ಅವಳ ಕಡೆ ಮುಖ ಮಾಡಿರುತ್ತೆ, ಹಾಗಾಗಿ ಅವಳ ಹಿಂದಿನ ಗೋಡೆಯ ಸದ್ದೇ ಮೈಕಿಗೆ ನೇರ ಬರೋದು. ಮೊಟ್ಟೆ ಟ್ರೇ ಅಂಟಿಸಬೇಡ, ಅದು ಫೋಟೋಗೆ ಚೆಂದ ಅಷ್ಟೇ. ಫ್ಯಾನು ಆಫ್, ಪಕ್ಕದ ಕೋಣೆಯ ಫ್ರಿಜ್ಜೂ ಆಫ್. ರೆಕಾರ್ಡಿಂಗ್ ಮುಗಿದಮೇಲೆ ಫ್ರಿಜ್ ಆನ್ ಮಾಡೋಕೆ ಮರೀಬೇಡ, ಅಮ್ಮ ಇನ್ನೊಂದು ಸಲ ಬಿಡಲ್ಲ.

ಆಮೇಲೆ ದೂರ. ನೀನು ಬೆಂಚಿನ ಮೇಲೆ ಫೋನಿಟ್ಟು ಎಲ್ಲರನ್ನೂ ಒಟ್ಟಿಗೆ ಹಿಡಿದಿರುತ್ತೀಯ ಅಲ್ವಾ? ಗಾಯಕಿಯ ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಮಾಡಿದರೆ ಅವಳ ದನಿ 6 ಡೆಸಿಬಲ್ ಜಾಸ್ತಿಯಾಗುತ್ತೆ, ಗೋಡೆಯಿಂದ ಬರುವ ಸದ್ದು ಮಾತ್ರ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತೆ. ಬಾವಿ ಹೋಗೋದು ಹೀಗೆ. ಒಂದು ಗೇಣು ದೂರದಿಂದ ಶುರು ಮಾಡು. ಹಾಗಂತ ಬಾಯಿಗೆ ನೇರ ಹಿಡಿಯಬೇಡ. ಫ, ಭ, ಪ ಬಂದಾಗ ಗಾಳಿ ಹೊಡೆದು ಢಬ್ ಅನ್ನುತ್ತೆ. ನಮ್ಮ ಭಾವಗೀತೆಗಳಲ್ಲಿ ಭಾವ, ಭೂಮಿ, ಫಲ ಇಲ್ಲದ ಸಾಲು ಹುಡುಕಬೇಕು! ಮೈಕನ್ನು ಬಾಯಿಯ ಮೂಲೆಗೆ, ಸ್ವಲ್ಪ ಕೆಳಗೆ ಅಥವಾ ಮೇಲೆ ಇಡು, ಗಾಳಿ ಪಕ್ಕದಲ್ಲಿ ಹೋಗುತ್ತೆ. ಫೋನಿನ ಮೈಕು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ, ಚಾರ್ಜರ್ ತೂತಿನ ಪಕ್ಕ ಇರುತ್ತೆ. ಆ ಅಂಚು ಗಾಯಕಿಯ ಕಡೆ ಇರಲಿ, ಸ್ಕ್ರೀನ್ ಅಲ್ಲ.

ಸರಿ, ಒಂದೇ ಮೈಕಿನಲ್ಲಿ ಮೂವರನ್ನು ಹಿಡಿಯೋದು ಹೇಗೆ? ಜನರನ್ನು ಸರಿಸಿ. ಗಾಯಕಿ ಹತ್ತಿರ, ಹಾರ್ಮೋನಿಯಂ ಅವಳಿಂದ ಆಚೆ, ತಬಲಾ ಇನ್ನೂ ಆಚೆ. ಒಂದು ನಿಮಿಷ ರೆಕಾರ್ಡ್ ಮಾಡು, ಕೇಳು, ತಬಲಾದವನನ್ನು ಒಂದು ಮೊಳ ಹಿಂದೆ ಕಳಿಸು, ಮತ್ತೆ ಮಾಡು. ಬೇಜಾರಾಗುತ್ತೆ ಅವರಿಗೆ, ಚಕ್ಕುಲಿ ಕೊಟ್ಟು ಕೂರಿಸು. ರೆಕಾರ್ಡಿಂಗ್ ಅಂದ್ರೆ ಇದೇ. ಹಿಂದೆ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಕೂತು ನುಡಿಸುತ್ತಿದ್ದ ಕಾಲದಲ್ಲಿ ಯಾರು ಎಷ್ಟು ದೂರ ಕೂರಬೇಕು ಅನ್ನೋದೇ ಅರ್ಧ ಮಿಕ್ಸಿಂಗ್. ಆಗ ಕನ್ನಡ ಸಿನಿಮಾ ಹಾಡುಗಳಿಗೆ ಬಹುಪಾಲು ಮದ್ರಾಸಿಗೇ ಹೋಗಬೇಕಿತ್ತು, 80ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಮಾಡಿದ್ದು ಅದಕ್ಕೇ ದೊಡ್ಡ ಸುದ್ದಿ. ಈಗ ಅದೇ ಕೆಲಸ ನಿಮ್ಮ ಹಾಸಿಗೆ ಕೋಣೆಯಲ್ಲಿ ಮಾಡಬಹುದು, ಆದರೆ ಕಿವಿ ಮಾತ್ರ ಅವರದ್ದೇ ಬೇಕು.

ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ ಕತ್ತರಿಸಿ ಜೋಡಿಸೋಕೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ. ಸ್ವಲ್ಪ ಕೈ ಕುದುರಿದ ಮೇಲೆ ಅದೇ ಥರದ ರೀಪರ್ ಹಾಕಿಕೋ. ತುಂಬಾ ಹಗುರ, 4 ಜಿಬಿಯಲ್ಲಿ ಓಡುತ್ತೆ. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ಸಣ್ಣ ಲೈಸೆನ್ಸ್ 60 ಡಾಲರ್. ಕದ್ದ ಸಾಫ್ಟ್‌ವೇರ್ ಹಾಕಬೇಡ, ಅಣ್ಣನ ಲ್ಯಾಪ್‌ಟಾಪಿಗೆ ವೈರಸ್ ಬಂದರೆ ರೆಕಾರ್ಡಿಂಗೂ ಇಲ್ಲ, ಅಣ್ಣನೂ ಇಲ್ಲ.

ಹಲಗೆ ಬಳಪ

ನಾನು ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಸೌಂಡ್ ಎಂಜಿನಿಯರ್ ಅಲ್ಲ. ಆದರೆ ಈ ಹುಡುಗಿ ಕೇಳಿದ್ದಕ್ಕೆ ಅರ್ಧ ಉತ್ತರ ಅವಳ ಬ್ಯಾಗಿನಲ್ಲೇ ಇದೆ. 9ನೇ ಕ್ಲಾಸಿನ ವಿಜ್ಞಾನದಲ್ಲಿ ಶಬ್ದದ ಪಾಠ ಇದೆ ನೋಡಮ್ಮ, ನಮ್ಮ ಮಕ್ಕಳು ಅದನ್ನು ಎರಡು ಮಾರ್ಕಿನ ಪ್ರಶ್ನೆಗೆ ಅಂತ ಬಾಯಿಪಾಠ ಮಾಡಿ ಮರೆಯುತ್ತಾರೆ.

ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಕನಿಷ್ಠ 17.2 ಮೀಟರ್ ದೂರ ಇರಬೇಕು ಅಂತ ಓದಿರುತ್ತೀಯ. ಸದ್ದು ಸೆಕೆಂಡಿಗೆ 344 ಮೀಟರ್ ಹೋಗುತ್ತದೆ, 0.1 ಸೆಕೆಂಡಿನಲ್ಲಿ 34.4 ಮೀಟರ್, ಹೋಗಿ ಬರಬೇಕಾದ್ದರಿಂದ ಅದರ ಅರ್ಧ. ಹಾಗಾದರೆ ಆರು ಮೀಟರ್ ಉದ್ದದ ನಿಮ್ಮ ಕ್ಲಾಸಿನಲ್ಲಿ ಪ್ರತಿಧ್ವನಿ ಕೇಳಿಸಬಾರದು, ಕೇಳಿಸಲ್ಲ ಕೂಡ. ಆದರೆ ಸದ್ದು ವಾಪಸ್ ಬರೋದು ನಿಲ್ಲುವುದಿಲ್ಲವಲ್ಲ. ಅದು ಮೂಲ ಸದ್ದಿನ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಅದೇ ಅನುರಣನ, ನೀನು ಬಾವಿ ಅಂದಿದ್ದು. ಖಾಲಿ ಕ್ಲಾಸಿನಲ್ಲಿ ಒಂದು ಸಲ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡು. ಮಕ್ಕಳು ತುಂಬಿ ಕೂತಾಗ ಅದೇ ಜಾಗದಲ್ಲಿ ಇನ್ನೊಂದು ಸಲ ಮಾಡು. ಎರಡನ್ನೂ ಆಡಾಸಿಟಿಯಲ್ಲಿ ಒಂದರ ಕೆಳಗೆ ಒಂದು ಇಟ್ಟು ದೊಡ್ಡದು ಮಾಡಿ ನೋಡು. ಬಾಲದ ಉದ್ದ ಕಣ್ಣಿಗೇ ಕಾಣುತ್ತದೆ. ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸಿದರೆ ಪ್ರಾಜೆಕ್ಟೂ ಆಯಿತು.

ಇನ್ನೊಂದು ಲೆಕ್ಕ ತಲೆಯಲ್ಲಿ ಇಟ್ಟುಕೋ. ಒಂದು ಮಿಲಿಸೆಕೆಂಡಿನಲ್ಲಿ ಸದ್ದು ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಎರಡು ಮೈಕು ಇಟ್ಟು ಒಬ್ಬಳನ್ನೇ ರೆಕಾರ್ಡ್ ಮಾಡುವಾಗ ಒಂದು ಮೈಕು 34 ಸೆಂಟಿಮೀಟರ್ ಹಿಂದಿದ್ದರೆ ಅದಕ್ಕೆ ಸದ್ದು ಒಂದು ಮಿಲಿಸೆಕೆಂಡ್ ತಡ. ಎರಡನ್ನೂ ಕೂಡಿಸಿದಾಗ 500 ಹರ್ಟ್ಸ್ ಅಲೆ ಒಂದರಲ್ಲಿ ಮೇಲಿದ್ದರೆ ಇನ್ನೊಂದರಲ್ಲಿ ಕೆಳಗಿರುತ್ತದೆ, ಪರಸ್ಪರ ಕತ್ತರಿಸಿಕೊಳ್ಳುತ್ತವೆ. 1500, 2500ರಲ್ಲೂ ಹಾಗೇ. ದನಿ ಟೊಳ್ಳಾಗಿ ಕೇಳುತ್ತದೆ. ಮೈಕು ಜಾಸ್ತಿ ಇಟ್ಟಷ್ಟೂ ಒಳ್ಳೆಯದು ಅಂದುಕೊಳ್ಳುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಓದಿನ ಮಾತು. ಈ ವಿಷಯದಲ್ಲಿ ನಾನು ನಿಮ್ಮಪ್ಪನ ಕಡೆ. ಪುಣೆಯ ಎಫ್‌ಟಿಐಐ ಎಂಬ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ ಧ್ವನಿ ವಿಭಾಗದ ಮೂರು ವರ್ಷದ ಕೋರ್ಸಿಗೆ ಯಾವುದಾದರೂ ಡಿಗ್ರಿ ಸಾಕು, ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು. ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಭೌತಶಾಸ್ತ್ರದಲ್ಲಿ ಡಿಗ್ರಿ ಮಾಡಿ ಆಮೇಲೆ ಅಲ್ಲಿಗೆ ಹೋದವರು. ಪಿಯುಸಿಯಲ್ಲಿ ಭೌತ, ರಸಾಯನ, ಗಣಿತದ ಜೊತೆ ಜೀವಶಾಸ್ತ್ರದ ಬದಲು ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇ ಕಾಂಬಿನೇಷನ್ ಸಿಕ್ಕರೆ ನಿನಗೆ ಇನ್ನೂ ಚೆನ್ನ. ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಮೊದಲೇ ವಿಚಾರಿಸು. ನಮ್ಮಲ್ಲೇ ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ, ಅಲ್ಲಿ ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ಇದೆ. ಮೊದಲು ಇದು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ಕಿನಲ್ಲಿತ್ತು. ಛಾಯಾಗ್ರಾಹಕ ವಿ.ಕೆ. ಮೂರ್ತಿ ಕ್ಯಾಮೆರಾ ಕಲಿತದ್ದು ಆ ಪಾಲಿಟೆಕ್ನಿಕ್ಕಿನಲ್ಲೇ. ಸರ್ಕಾರಿ ಫೀಸು, ಹಾಗಾಗಿ ಆ ಬಾಗಿಲು ಮುಚ್ಚಿಕೊಳ್ಳಬೇಡ. ಯಾರಿಗೆ ಸೀಟು, ಯಾವಾಗ ಅರ್ಜಿ ಅನ್ನೋದನ್ನು ತಾಂತ್ರಿಕ ಶಿಕ್ಷಣ ಇಲಾಖೆಯ ಆ ವರ್ಷದ ಪ್ರಕಟಣೆ ನೋಡಿಯೇ ನಂಬು, ಬೇರೆಯವರ ಮಾತು ಕೇಳಿ ಅಲ್ಲ.

ನೀನಿರುವ ಕಡೆಯಿಂದ ಭದ್ರಾವತಿ ಆಕಾಶವಾಣಿ ಹತ್ತಿರ. ಶಾಲೆಯಿಂದ ಪತ್ರ ಬರೆಸಿ ಸ್ಟುಡಿಯೋ ನೋಡಲು ಕೇಳಿ. ದಪ್ಪ ಬಾಗಿಲು ಮುಚ್ಚಿದ ಕೂಡಲೇ ನಿನ್ನ ಮಾತು ನಿನಗೇ ಬೇರೆ ಥರ ಕೇಳುವ ಕೋಣೆಯೊಳಗೆ ಒಂದು ಸಲ ನಿಂತು ಬಂದರೆ ಅನುರಣನದ ಪಾಠ ಮತ್ತೆ ಓದಬೇಕಿಲ್ಲ.

ಸಾಲದ ಕಂತು

ಮೇಷ್ಟ್ರು ಸರಿ ಹೇಳಿದರು, ಒಂದು ಮಾತು ಸೇರಿಸುತ್ತೇನೆ. ಪಿಯುಸಿ ಆದಮೇಲೆ ನಿನಗೆ ಒಂದು ವರ್ಷದ ಖಾಸಗಿ ಕೋರ್ಸುಗಳ ಜಾಹೀರಾತು ಸುರಿಯುತ್ತೆ. ಹೊಳೆಯುವ ಕನ್ಸೋಲು, ಹೆಡ್‌ಫೋನ್ ಹಾಕಿಕೊಂಡು ನಗುವ ಹುಡುಗ. ಫೀಸು ಲಕ್ಷಗಳಲ್ಲಿ. ನಾನು ಅಂಥ ಒಂದು ಕಡೆ ಸಾಲ ಮಾಡಿ ಓದಿದವನು, ಹೆಸರು ಬೇಡ. ಪಾಠ ಕೆಟ್ಟದಿರಲಿಲ್ಲ. ಆದರೆ ದೊಡ್ಡ ಸ್ಟುಡಿಯೋದಲ್ಲಿ ನಮಗೆ ಕೈಯಾಡಿಸೋಕೆ ಸಿಕ್ಕ ಹೊತ್ತು ಬಹಳ ಕಮ್ಮಿ, ಒಂದು ಬ್ಯಾಚಿನಲ್ಲಿ ಅಷ್ಟು ಜನ. ಪ್ಲೇಸ್‌ಮೆಂಟ್ ಅಂದಿದ್ದು ಸಂಬಳ ಇಲ್ಲದ ಇಂಟರ್ನ್‌ಶಿಪ್.

ಸೇರೋಕೆ ಮುಂಚೆ ಕೇಳಬೇಕಾದ್ದು, ವಾರಕ್ಕೆ ಎಷ್ಟು ತಾಸು ಸ್ಟುಡಿಯೋ ನನ್ನೊಬ್ಬಳ ಕೈಗೆ ಸಿಗುತ್ತೆ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ, ಅವರ ನಂಬರ್ ಕೊಡ್ತೀರಾ? ಇದಕ್ಕೆ ತಡಬಡಾಯಿಸಿದರೆ ಎದ್ದು ಬಾ.

ಮಂಜಣ್ಣ ಹೇಳಿದ್ದರಲ್ಲಿ ಒಂದು ಮಾತು ನನಗೆ ಒಪ್ಪಿಗೆ ಇಲ್ಲ. ಲೈವ್ ಸೌಂಡಿನಲ್ಲೇ ಇದ್ದುಬಿಟ್ಟರೆ ಕಿವಿ ಒಡ್ಡೊಡ್ಡಾಗುತ್ತೆ, ಎಲ್ಲದಕ್ಕೂ ಬಾಸು ಜಾಸ್ತಿ ಮಾಡೋ ಚಾಳಿ ಬರುತ್ತೆ.

ಮೈಕ್‌ಸೆಟ್ ಮಂಜಣ್ಣ

ಬಾಸು ನಾವು ಜಾಸ್ತಿ ಮಾಡಲ್ಲ ಸ್ವಾಮಿ, ಮದುವೆ ಗಂಡಿನ ಗೆಳೆಯರು ಬಂದು ಮಾಡಿಸ್ತಾರೆ. ಅದೇ ಕೈಯಲ್ಲಿ ಮಾರನೇ ದಿನ ಭಾಗವತರ ಪದ ಸ್ಪಷ್ಟ ಕೇಳೋ ಹಾಗೆ, ಚಂಡೆ ಮುಳುಗಿಸದ ಹಾಗೆ ಮಾಡಬೇಕು. ಬನ್ನಿ ಒಂದು ರಾತ್ರಿ ಆಟಕ್ಕೆ, ಬೆಳಗಿನವರೆಗೆ ಮಿಕ್ಸರ್ ನಿಮ್ಮ ಕೈಗೇ ಕೊಡ್ತೀನಿ.

ಮಲೆನಾಡ ಕಿವಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಟ್ ತಗೊಳ್ಳಲಿಲ್ಲ. ಚಪ್ಪಾಳೆ ಪ್ರಯೋಗ ಮಾಡಿದೆ, ಟೀಚರ್ ಇಡೀ ಕ್ಲಾಸಿಗೆ ತೋರಿಸಿದರು. ಮನೆಯ ಅಟ್ಟದ ಕೋಣೆಯಲ್ಲಿ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದೆವು. ಮಳೆ ನಿಲ್ಲೋದನ್ನು ಕಾಯೋದೇ ದೊಡ್ಡ ಕೆಲಸ, ಹಂಚಿನ ಮೇಲೆ ಅಷ್ಟು ಸದ್ದು. ಆದರೆ ಬಾವಿ ಹೋಯಿತು! ತಬಲಾ ಬಿದ್ದರೆ ಹಾಡು ಕುಗ್ಗೋದೂ ಹೋಯಿತು.

ಈಗ ಹೊಸ ತೊಂದರೆ. ಗಾಯಕಿಯ ಹತ್ತಿರ ಒಂದು ಫೋನು, ತಬಲಾ ಹತ್ತಿರ ಇನ್ನೊಂದು ಫೋನು ಇಟ್ಟು, ಶುರುವಿನಲ್ಲಿ ಚಪ್ಪಾಳೆ ತಟ್ಟಿ ರೀಪರಿನಲ್ಲಿ ಎರಡನ್ನೂ ಕೂಡಿಸಿದೆ. ಮೊದಲ ಚರಣ ಸರಿ ಇದೆ. ಕೊನೆಗೆ ಬರುವಷ್ಟರಲ್ಲಿ ತಬಲಾ ಎರಡೆರಡು ಸಲ ಬಿದ್ದ ಹಾಗೆ ಕೇಳುತ್ತೆ. ತಬಲಾದವನು ತಾನು ಲಯ ತಪ್ಪಿಲ್ಲ ಅಂತ ಜಗಳ ಮಾಡ್ತಿದ್ದಾನೆ.

ಇನ್ನೊಂದು, ಹಾರ್ಮೋನಿಯಂ ತಿದಿಯ ಉಸಿರಾಟ ಹಾಡಿಗಿಂತ ಜೋರಾಗಿ ಬರುತ್ತಿದೆ. ದುಡ್ಡು ಇನ್ನೂ ಹಾಗೇ ಇದೆ, ಈಗಲಾದರೂ ಏನಾದರೂ ಕೊಳ್ಳಬಹುದಾ?

ಡಬ್ಬಿಂಗ್ ರೂಮು

ತಬಲಾದವನ ಹತ್ತಿರ ಕ್ಷಮೆ ಕೇಳು, ಅವನದ್ದು ಸರಿ. ಪ್ರತಿ ಫೋನಿನಲ್ಲೂ ಅದರದ್ದೇ ಒಂದು ಗಡಿಯಾರ ಇರುತ್ತೆ. ಸೆಕೆಂಡಿಗೆ 48 ಸಾವಿರ ಸಲ ಸದ್ದನ್ನು ಅಳೆಯಬೇಕು ಅಂತ ಎರಡಕ್ಕೂ ಹೇಳಿದ್ದರೂ ಒಂದು ಕೂದಲೆಳೆ ಬೇಗ, ಇನ್ನೊಂದು ಕೂದಲೆಳೆ ನಿಧಾನ. ಹಾಡು ಉದ್ದವಾದಷ್ಟೂ ವ್ಯತ್ಯಾಸ ಬೆಳೆಯುತ್ತೆ. ಗಾಯಕಿಯ ಫೋನಿನಲ್ಲೂ ತಬಲಾ ದೂರದಿಂದ ಕೇಳಿಸುತ್ತೆ ಅಲ್ವಾ, ಹಾಗಾಗಿ ಎರಡು ತಬಲಾ. ಸ್ಟುಡಿಯೋದಲ್ಲಿ ಎಲ್ಲ ಮೈಕೂ ಒಂದೇ ಗಡಿಯಾರಕ್ಕೆ ಹೋಗೋದರಿಂದ ಈ ಕಾಟ ಇಲ್ಲ.

ಸದ್ಯಕ್ಕೆ ಉಪಾಯ ಏನು ಅಂದ್ರೆ ಹಾಡು ಮುಗಿದ ಮೇಲೂ ಒಂದು ಚಪ್ಪಾಳೆ ತಟ್ಟಿಸು. ರೀಪರಿನಲ್ಲಿ ಶುರುವಿನ ಚಪ್ಪಾಳೆ ಕೂಡಿಸಿ, ಆಮೇಲೆ ಆಲ್ಟ್ ಒತ್ತಿಕೊಂಡು ತಬಲಾ ಫೈಲಿನ ಕೊನೆಯ ಅಂಚು ಹಿಡಿದು ಎಳೆದರೆ ಫೈಲು ಹಿಗ್ಗುತ್ತೆ, ಕುಗ್ಗುತ್ತೆ. ಕೊನೆಯ ಚಪ್ಪಾಳೆ ಕೂಡುವವರೆಗೆ ಎಳೆ. ತುಂಬಾ ಸಣ್ಣ ಎಳೆತ, ಶ್ರುತಿಗೆ ಏನೂ ಆಗಲ್ಲ. ಎರಡೂ ಫೋನು 48 ಸಾವಿರಕ್ಕೇ ಇದೆಯಾ ಅಂತ ಸೆಟ್ಟಿಂಗ್ ನೋಡು, ಒಂದು 44.1 ಸಾವಿರ, ಇನ್ನೊಂದು 48 ಸಾವಿರ ಇರೋದು ಬೇಡ.

ಹಾರ್ಮೋನಿಯಂ ತಿದಿ ಇರೋದು ಕೇಳುವವರ ಕಡೆ. ನೀನು ಎದುರಿಗೆ ಮೈಕ್ ಇಟ್ಟಿರುತ್ತೀಯ, ಮೈಕಿಗೆ ತಿದಿಯೇ ಮೊದಲು ಸಿಗುತ್ತೆ. ಅವಳ ಬಲಗೈ ಪಕ್ಕಕ್ಕೆ ತಂದು, ಪೆಟ್ಟಿಗೆಯ ಮೇಲಿನಿಂದ ಒಂದೂವರೆ ಗೇಣು ಎತ್ತರದಲ್ಲಿ ಕೆಳಮುಖ ಮಾಡಿ ಇಡು. ಕೀ ಟಕಟಕ ಅನ್ನೋದು ಜಾಸ್ತಿಯಾದರೆ ಸ್ವಲ್ಪ ತಿದಿ ಕಡೆಗೇ ಸರಿಸು, ಎರಡರ ನಡುವೆ ಒಂದು ಜಾಗ ಸಿಗುತ್ತೆ. ಶ್ರುತಿಗೆ ಹಾಕುವ ತಂಬೂರಿ ಆ್ಯಪ್ ಸ್ಪೀಕರಿನಲ್ಲಿ ಬಿಡಬೇಡ, ಗಾಯಕಿಯ ಒಂದು ಕಿವಿಗೆ ತಂತಿಯ ಇಯರ್‌ಫೋನ್ ಹಾಕಿ ಕೊಡು. ಬ್ಲೂಟೂತ್ ಇಯರ್‌ಫೋನ್ ರೆಕಾರ್ಡಿಂಗಿಗೆ ಬೇಡವೇ ಬೇಡ, ಸದ್ದು ತಡವಾಗಿ ಬರುತ್ತೆ.

ದುಡ್ಡು. ಮೊದಲು ಕಿವಿ ಪೂರ್ತಿ ಮುಚ್ಚುವ, ತಂತಿ ಇರುವ ಒಂದು ಒಳ್ಳೆ ಹೆಡ್‌ಫೋನ್. ಬಾಸು ಜಾಸ್ತಿ ಅಂತ ಡಬ್ಬಿ ಮೇಲೆ ಬರೆದದ್ದು ಬೇಡ. ಇಲ್ಲಿಯವರೆಗೆ ನೀನು ಏನು ರೆಕಾರ್ಡ್ ಮಾಡಿದ್ದೀಯ ಅಂತ ನಿಜವಾಗಿ ಕೇಳೋದು ಅದರಲ್ಲೇ. ಆಮೇಲೆ ಎರಡು ಮೈಕು ಹಾಕಬಹುದಾದ ಆಡಿಯೋ ಇಂಟರ್‌ಫೇಸ್, ಅಂದ್ರೆ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಎರಡೂ ಮೈಕು ಒಂದೇ ಗಡಿಯಾರಕ್ಕೆ ಹೋಗುತ್ತೆ, ಮೇಲಿನ ಎಳೆದಾಟ ಮುಗಿಯಿತು. ಕೊಳ್ಳುವಾಗ ಫ್ಯಾಂಟಮ್ ಪವರ್ ಆನ್ ಮಾಡಿ ಕಂಡೆನ್ಸರ್ ಮೈಕ್ ಹಾಕಿ, ಎರಡೂ ಚಾನೆಲ್ಲಿನಲ್ಲಿ ಕೇಳಿ ನೋಡಿಯೇ ದುಡ್ಡು ಕೊಡು. ಉಳಿದ ದುಡ್ಡಿನಲ್ಲಿ ಒಂದು ಡೈನಮಿಕ್ ಮೈಕು, ಇದಕ್ಕೆ ಫ್ಯಾಂಟಮ್ ಪವರ್ ಬೇಕಿಲ್ಲ. 60ರ ದಶಕದಲ್ಲಿ ಬಂದ ಶೂರ್ ಎಸ್‌ಎಂ 57, 58 ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಆದರೆ ಹೊಸದು ತಗೊಂಡರೆ ನಿನ್ನ ದುಡ್ಡಿನ ಬಹುಪಾಲು ಅದಕ್ಕೇ ಹೋಗುತ್ತೆ. ಅಲ್ಲದೆ ಆ ಹೆಸರಿನ ನಕಲಿ ಮಾಲು ಮಾರುಕಟ್ಟೆ ತುಂಬಾ ಇದೆ. ಅರ್ಧ ಬೆಲೆಗೆ ಹೊಚ್ಚ ಹೊಸದು ಕೊಡ್ತೀನಿ ಅಂದರೆ ಮುಂದೆ ಹೋಗು.

ಮೈಕ್‌ಸೆಟ್ ಮಂಜಣ್ಣ

ಡೈನಮಿಕ್ ಮೈಕು ಈಗಲೇ ಕೊಳ್ಳಬೇಡ ತಂಗಿ. ನನ್ನ ಹತ್ತಿರ ಅಹುಜಾ ಕಂಪನಿಯ ಹಳೇ ಡೈನಮಿಕ್ ಮೈಕು ಎರಡಿದೆ, ಜಾಲರಿ ಸೊಟ್ಟಗಿದೆ ಅಂತ ಸ್ಟೇಜಿಗೆ ಕೊಡಲ್ಲ, ಒಳಗೆ ಚೆನ್ನಾಗಿದೆ. ಅಪ್ಪನ್ನೋ ಮಾವನ್ನೋ ಕರ್ಕೊಂಡು ಶಿವಮೊಗ್ಗಕ್ಕೆ ಬಂದಾಗ ತಗೊಂಡು ಹೋಗು. ಕೇಬಲ್ಲು ಕೊಡಲ್ಲ. ಮೂರು ಮೀಟರ್ ತಂತಿ, ಎರಡು ಕನೆಕ್ಟರ್ ಕೊಡ್ತೀನಿ, ನೀನೇ ಸೋಲ್ಡರ್ ಮಾಡ್ಕೋ. ಪಿನ್ ನಂಬರ್ ಮೇಲೆ ಬರೆದಿದ್ದೀನಿ.

ಮಲೆನಾಡ ಕಿವಿ

ಮಾವ ಮುಂದಿನ ಭಾನುವಾರ ಬರ್ತೀವಿ ಅಂದರು ಅಣ್ಣಾ. ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು ಸಾಕಾ?

ಮೈಕ್‌ಸೆಟ್ ಮಂಜಣ್ಣ

ಸಾಕು. ತುದಿ ಚೂಪಾಗಿರೋದು ನೋಡಿ ತಗೋ.